ಸಿಸ್ಟಮ್‌ನ ಪೈಥಾನ್ ಸಿಸ್ಟಮ್‌ಗಿರಲಿ, ನಿಮ್ಮದು ನಿಮಗಿರಲಿ

ಪ್ರಶ್ನೆ: ಹೊಸ ಲ್ಯಾಪ್‌ಟಾಪ್‌ನಲ್ಲಿ ಉಬುಂಟು 24.04 ಹಾಕಿಕೊಂಡಿದ್ದೇನೆ. ಪೈಥಾನ್, ಪರ್ಲ್ ಅದರಲ್ಲಿ ಮೊದಲೇ ಇದ್ದವು. ಪೈಥಾನ್ ಲೈಬ್ರರಿಗಳನ್ನು ತಂದು ಹಾಕುವ ಪಿಪ್ ಬಳಸಿ ಒಂದು ಲೈಬ್ರರಿ ಹಾಕಲು ಹೋದರೆ, ಈ ಪೈಥಾನ್‌ನ ನಿರ್ವಹಣೆ ಬೇರೆಯವರದ್ದು ಎಂಬ ಅರ್ಥದ ಸಂದೇಶ ಬಂದು ಕೆಲಸ ನಿಲ್ಲುತ್ತದೆ. ಇಡೀ ಸಿಸ್ಟಮ್ ಮೇಲೆ ಅಧಿಕಾರ ಕೊಡುವ ಸುಡೋ ಸೇರಿಸಿ, ‘ಬ್ರೇಕ್ ಸಿಸ್ಟಮ್ ಪ್ಯಾಕೇಜಸ್’ ಆಯ್ಕೆ ಕೊಟ್ಟರೆ ಆಗುತ್ತದೆ ಎಂದು ಒಬ್ಬ ಗೆಳೆಯ ಹೇಳಿದ. ಸಿಸ್ಟಮ್‌ನೊಂದಿಗೆ ಬಂದದ್ದೆಲ್ಲ ಹಳತು, ಎಲ್ಲವನ್ನೂ ನೀನೇ ಹಾಕಿಕೋ ಎಂದು ಇನ್ನೊಬ್ಬ. ಕಚೇರಿಯ ಮ್ಯಾಕ್‌ನಲ್ಲಿ ಸಾಧನಗಳನ್ನು ಹಾಕಿಕೊಳ್ಳಲು ಹೋಂಬ್ರೂ ಎಂಬ ಪ್ಯಾಕೇಜ್ ನಿರ್ವಾಹಕ ಬಳಸುತ್ತೇನೆ. ಅಲ್ಲಿ ಒಮ್ಮೆ ಅಪ್‌ಗ್ರೇಡ್ ಮಾಡಿದ ಮೇಲೆ, ಒಂದೊಂದು ಪ್ರಾಜೆಕ್ಟಿನ ಲೈಬ್ರರಿಗಳನ್ನು ಬೇರೆಯಾಗಿಡುವ ವರ್ಚುವಲ್ ಎನ್ವಿರಾನ್‌ಮೆಂಟ್‌ಗಳೇ ಕೆಟ್ಟವು. ಯಾರ ಮಾತು ಕೇಳಲಿ?

ಉತ್ತರ: ಆ ಸಂದೇಶವನ್ನು ಮೀರಬೇಡಿ. ಮೀರಿದರೆ ಇವತ್ತಿನ ಕೆಲಸವೇನೋ ಆಗುತ್ತದೆ. ಪೆಟ್ಟು ಬೀಳುವುದು ಇನ್ನೊಂದು ದಿನ, ನೀವು ಕೈಯಿಟ್ಟೇ ಇಲ್ಲದ ಇನ್ನೊಂದು ಜಾಗದಲ್ಲಿ. ಹಾಗೆಂದು ಎಲ್ಲವನ್ನೂ ನೀವೇ ಹಾಕಿಕೊಳ್ಳಿ ಎನ್ನುವ ಸಲಹೆಯನ್ನೂ ನಾನು ಒಪ್ಪುವುದಿಲ್ಲ. ಇಬ್ಬರೂ ಇಡೀ ಯಂತ್ರಕ್ಕೆ ಒಂದೇ ತೀರ್ಮಾನ ಕೊಡುತ್ತಿದ್ದಾರೆ. ತೀರ್ಮಾನ ಆಗಬೇಕಾದದ್ದು ಒಂದೊಂದು ಸಾಧನದ ಮಟ್ಟದಲ್ಲಿ. ನಾನು ಕೇಳಿಕೊಳ್ಳುವ ಪ್ರಶ್ನೆ ಇಷ್ಟೇ: ಇದರ ಆವೃತ್ತಿ ನಾಳೆ ಬದಲಾದರೆ ಕೆಡುವುದು ಯಾರ ಕೆಲಸ, ನನ್ನದೋ ಸಿಸ್ಟಮ್‌ನದೋ?

ಉಬುಂಟುವಿನ ಪೈಥಾನ್‌ಗೆ ಈ ಪ್ರಶ್ನೆ ಹಾಕಿ ನೋಡಿ. ಅದನ್ನು ಅಲ್ಲಿ ಇಟ್ಟಿರುವುದು ನೀವು ಪ್ರೋಗ್ರಾಂ ಬರೆಯಲಿ ಎಂದಲ್ಲ. ಫೈರ್‌ವಾಲ್ ನಿಭಾಯಿಸುವ ಯುಎಫ್‌ಡಬ್ಲ್ಯು ಪೈಥಾನ್‌ನಲ್ಲಿದೆ. ಭದ್ರತಾ ಪರಿಷ್ಕರಣೆಗಳನ್ನು ತಾನಾಗಿ ಹಾಕುವ ಅನ್‌ಅಟೆಂಡೆಡ್ ಅಪ್‌ಗ್ರೇಡ್ಸ್ ಪೈಥಾನ್‌ನಲ್ಲಿದೆ. ಪ್ಯಾಕೇಜ್‌ಗಳ ಹೊಸ ಭಂಡಾರ ಸೇರಿಸುವ ಆಡ್ ಆಪ್ಟ್ ರೆಪಾಸಿಟರಿ ಕೂಡ ಪೈಥಾನ್ ಸ್ಕ್ರಿಪ್ಟ್. ತಪ್ಪು ಕಮಾಂಡ್ ಟೈಪ್ ಮಾಡಿದಾಗ ‘ಈ ಪ್ಯಾಕೇಜ್ ಹಾಕಿಕೊಂಡರೆ ಇದು ಸಿಗುತ್ತದೆ’ ಎಂದು ಟರ್ಮಿನಲ್ ಸೂಚಿಸುತ್ತದಲ್ಲ, ಅದರ ಹಿಂದೆಯೂ ಪೈಥಾನ್ ಇದೆ. ಇವೆಲ್ಲವನ್ನೂ ಉಬುಂಟು ತಂಡ ಒಂದು ನಿರ್ದಿಷ್ಟ ಆವೃತ್ತಿಯ ಮೇಲೆ, 24.04ರಲ್ಲಾದರೆ ಪೈಥಾನ್ 3.12ರ ಮೇಲೆ, ನಿರ್ದಿಷ್ಟ ಲೈಬ್ರರಿಗಳೊಂದಿಗೆ ಪರೀಕ್ಷಿಸಿ ಕೊಟ್ಟಿದೆ.

ಸುಡೋ ಹಾಕಿ ಪಿಪ್ ಓಡಿಸಿದಾಗ ಒಳಗೆ ನಡೆಯುವುದನ್ನು ಸ್ವಲ್ಪ ಹತ್ತಿರದಿಂದ ನೋಡೋಣ. ಉಬುಂಟುವಿನ ಪ್ಯಾಕೇಜ್ ನಿರ್ವಾಹಕವಾದ ಆಪ್ಟ್ ತಂದ ಲೈಬ್ರರಿಗಳು ಯುಎಸ್‌ಆರ್ ಕೆಳಗಿನ ಲಿಬ್ ಫೋಲ್ಡರಿನಲ್ಲಿರುತ್ತವೆ. ಪಿಪ್ ತರುವವು ಯುಎಸ್‌ಆರ್ ಲೋಕಲ್ ಕೆಳಗಿನ ಲಿಬ್‌ಗೆ ಹೋಗುತ್ತವೆ. ಯಾವ ಫೈಲೂ ಅಳಿಯುವುದಿಲ್ಲ, ಆದ್ದರಿಂದ ಅಪಾಯವೇ ಇಲ್ಲ ಎನಿಸುತ್ತದೆ. ಆದರೆ ಪೈಥಾನ್ ಒಂದು ಲೈಬ್ರರಿಯನ್ನು ಹುಡುಕುವಾಗ ಲೋಕಲ್ ಫೋಲ್ಡರನ್ನೇ ಮೊದಲು ನೋಡುತ್ತದೆ. ನೀವು ಬಯಸಿದ್ದು ಒಂದೇ ಲೈಬ್ರರಿ ಇರಬಹುದು. ಅದು ತನ್ನ ಜೊತೆಗೆ ಯುಆರ್‌ಎಲ್‌ಲಿಬ್3 ಅಥವಾ ರಿಕ್ವೆಸ್ಟ್ಸ್‌ನಂತಹ ಇನ್ನೂ ನಾಲ್ಕನ್ನು ಹೊಸ ಆವೃತ್ತಿಯಲ್ಲಿ ಎಳೆದು ತಂದಿರುತ್ತದೆ. ಅಂದಿನಿಂದ ಆ ಲೈಬ್ರರಿಗಳನ್ನು ಬಳಸುವ ಸಿಸ್ಟಮ್ ಸ್ಕ್ರಿಪ್ಟ್‌ಗಳಿಗೂ ನಿಮ್ಮ ಹೊಸ ಆವೃತ್ತಿಯೇ ಸಿಗುತ್ತದೆ. ಹೆಚ್ಚಿನ ಸಲ ಏನೂ ಆಗುವುದಿಲ್ಲ. ಆದ ದಿನ ಮಾತ್ರ, ದೋಷದ ಸಂದೇಶ ಪ್ಯಾಕೇಜ್ ನಿರ್ವಾಹಕದಿಂದಲೋ ಫೈರ್‌ವಾಲ್‌ನಿಂದಲೋ ಬರುತ್ತದೆ, ಕಾರಣ ನೀವು ಮೂರು ವಾರದ ಹಿಂದೆ ಹಾಕಿ ಮರೆತ ಲೈಬ್ರರಿಯಲ್ಲಿರುತ್ತದೆ. ಎರಡನ್ನೂ ಜೋಡಿಸಿ ನೋಡುವುದು ಅನುಭವಿಗಳಿಗೂ ಕಷ್ಟ. ಸುಡೋ ಇಲ್ಲದೆ ಆ ಆಯ್ಕೆ ಕೊಟ್ಟರೆ ಲೈಬ್ರರಿ ನಿಮ್ಮ ಹೋಮ್ ಫೋಲ್ಡರಿಗೆ ಹೋಗುತ್ತದೆ. ಹಾನಿ ನಿಮ್ಮ ಹೆಸರಿನಲ್ಲಿ ಓಡುವ ಪ್ರೋಗ್ರಾಂಗಳಿಗೆ ಸೀಮಿತವಾಗುತ್ತದೆ. ಅಷ್ಟೇ ವ್ಯತ್ಯಾಸ.

ಲೈಬ್ರರಿಗಿಂತ ದೊಡ್ಡ ಅನಾಹುತ ಪೈಥಾನನ್ನೇ ಬದಲಿಸುವುದು. ಸೆಂಟ್‌ಒಎಸ್ 7ರ ಕಾಲದಲ್ಲಿ ಸರ್ವರ್ ನೋಡಿಕೊಂಡವರಿಗೆ ಇದು ಚೆನ್ನಾಗಿ ಗೊತ್ತು. ಅದರ ಪ್ಯಾಕೇಜ್ ನಿರ್ವಾಹಕವಾದ ಯಮ್ ಪೈಥಾನ್ 2ರಲ್ಲಿ ಬರೆದ ಪ್ರೋಗ್ರಾಂ. ಅದರ ಮೊದಲ ಸಾಲು ಯುಎಸ್‌ಆರ್ ಬಿನ್‌ನಲ್ಲಿರುವ ಪೈಥಾನನ್ನು ಕರೆಯುತ್ತಿತ್ತು. ಹೊಸತು ಬೇಕೆಂದು ಜನ ಆ ಹೆಸರನ್ನು ಪೈಥಾನ್ 3ಕ್ಕೆ ತಿರುಗಿಸಿದರು. ಮುಂದಿನ ಸಲ ಯಮ್ ಓಡಿಸಿದಾಗ ಸಿಕ್ಕಿದ್ದು ವ್ಯಾಕರಣ ದೋಷ. ಸರಿಪಡಿಸಲು ಏನನ್ನಾದರೂ ಹಾಕಿಕೊಳ್ಳೋಣವೆಂದರೆ ಹಾಕಿಕೊಡಬೇಕಾದ ಯಮ್ಮೇ ಮಲಗಿತ್ತು. ಸೆಂಟ್‌ಒಎಸ್‌ಗೆ ಮೂಲವಾದ ರೆಡ್ ಹ್ಯಾಟ್ ಇದರಿಂದ ಪಾಠ ಕಲಿಯಿತು. 2019ರಲ್ಲಿ ಬಂದ ರೆಡ್ ಹ್ಯಾಟ್ ಎಂಟರ್‌ಪ್ರೈಸ್ ಲಿನಕ್ಸ್ 8ರಲ್ಲಿ ಸಿಸ್ಟಮ್‌ನ ಪೈಥಾನನ್ನು ‘ಪ್ಲಾಟ್‌ಫಾರ್ಮ್ ಪೈಥಾನ್’ ಎಂಬ ಹೆಸರಿನಲ್ಲಿ ಬಳಕೆದಾರರ ದಾರಿಯಿಂದ ದೂರ, ಲಿಬ್‌ಎಕ್ಸೆಕ್ ಫೋಲ್ಡರಿನಲ್ಲಿ ಇಟ್ಟಿತು. ಬರೀ ‘ಪೈಥಾನ್’ ಎಂಬ ಕಮಾಂಡೇ ಅಲ್ಲಿ ಮೊದಲಿಗೆ ಇರಲಿಲ್ಲ.

ಸಿಸ್ಟಮ್ ತಯಾರಿಸುವವರೆಲ್ಲ ಒಬ್ಬೊಬ್ಬರಾಗಿ ಇದೇ ನಿಲುವಿಗೆ ಬಂದಿದ್ದಾರೆ. ಫ್ರೀಬಿಎಸ್‌ಡಿ ಎಲ್ಲರಿಗಿಂತ ಮೊದಲು: 5.0 ಆವೃತ್ತಿಯ ತಯಾರಿಯಲ್ಲಿ, 2002ರಲ್ಲೇ, ಪರ್ಲನ್ನು ಮೂಲ ಸಿಸ್ಟಮ್‌ನಿಂದ ಹೊರಗಿಟ್ಟು ಬೇಕಾದವರು ಪ್ರತ್ಯೇಕವಾಗಿ ಹಾಕಿಕೊಳ್ಳಲಿ ಎಂದಿತು. ಆಪಲ್ 2019ರಲ್ಲಿ ಮ್ಯಾಕ್‌ಒಎಸ್ ಕ್ಯಾಟಲಿನಾದ ಟಿಪ್ಪಣಿಯಲ್ಲಿ ಪೈಥಾನ್, ರೂಬಿ, ಪರ್ಲ್ ಇರುವುದು ಹಳೆಯ ತಂತ್ರಾಂಶಗಳ ಅನುಕೂಲಕ್ಕಷ್ಟೇ ಎಂದು ಬರೆಯಿತು. 2021ರ ಮಾಂಟೆರೇಯಲ್ಲಿ ಪಿಎಚ್‌ಪಿ ಹೋಯಿತು. 2022ರಲ್ಲಿ ಮ್ಯಾಕ್‌ಒಎಸ್ 12.3ರೊಂದಿಗೆ ಪೈಥಾನ್ 2.7 ಹೋಯಿತು, ಪೈಥಾನ್ ತಂಡ ಅದರ ಬೆಂಬಲ ನಿಲ್ಲಿಸಿ ಎರಡು ವರ್ಷ ಕಳೆದ ಮೇಲೆ. ನಿಮ್ಮನ್ನು ತಡೆದ ಆ ಸಂದೇಶ ಇದೇ ಸಾಲಿನದ್ದು. ಪೈಥಾನ್ ಸಮುದಾಯ ಪೆಪ್ 668 ಎಂಬ ನಿಯಮ ಮಾಡಿಕೊಂಡಿತು: ಸಿಸ್ಟಮ್ ತಯಾರಕರು ತಮ್ಮ ಪೈಥಾನ್‌ನ ಫೋಲ್ಡರಿನಲ್ಲಿ ಒಂದು ಗುರುತಿನ ಫೈಲ್ ಇಟ್ಟರೆ ಪಿಪ್ ಅಲ್ಲಿ ಕೈಯಾಡಿಸಬಾರದು. 2023ರಲ್ಲಿ ಬಂದ ಡೆಬಿಯನ್ 12 ಅದನ್ನು ಪಾಲಿಸಿತು, ಡೆಬಿಯನ್ ಮೇಲೆ ಕಟ್ಟಿದ ಉಬುಂಟು ಕೂಡ. ಆ ಫೈಲನ್ನು ಅಳಿಸಿಬಿಡಿ ಎಂಬ ಸಲಹೆಯೂ ನಿಮಗೆ ಸಿಕ್ಕೀತು. ದಯವಿಟ್ಟು ಬೇಡ. ಬಹಳ ಜನರ ಯಂತ್ರಗಳು ಕೆಟ್ಟ ಮೇಲೆ ಹಾಕಿದ ತಡೆ ಅದು.

ಮ್ಯಾಕ್‌ನಲ್ಲಿ ಇನ್ನೊಂದು ಬಗೆಯ ತೊಡಕಿದೆ: ಸಾಧನ ಇರುತ್ತದೆ, ಆದರೆ ಕಾಲದಲ್ಲಿ ಹೆಪ್ಪುಗಟ್ಟಿರುತ್ತದೆ. ಕಮಾಂಡ್‌ಗಳನ್ನು ಓಡಿಸುವ ಶೆಲ್ ಆದ ಬ್ಯಾಶ್ ಅದರಲ್ಲಿ ಈಗಲೂ 3.2. ಬ್ಯಾಶ್ 4 ಬಂದದ್ದು 2009ರಲ್ಲಿ, ಜಿಪಿಎಲ್ ಮೂರನೇ ಆವೃತ್ತಿಯ ಪರವಾನಗಿಯಡಿ. ಆಪಲ್ ಅದನ್ನು ಸೇರಿಸಿಕೊಳ್ಳಲೇ ಇಲ್ಲ, 2019ರಲ್ಲಿ ಝಡ್‌ಶೆಲ್ಲನ್ನೇ ಮೂಲ ಶೆಲ್ ಮಾಡಿತು. ಪರಿಣಾಮ ಹೀಗಿರುತ್ತದೆ: ಲಿನಕ್ಸ್‌ನಲ್ಲಿ ಕುಳಿತು, ಬ್ಯಾಶ್ 4ರಲ್ಲಿ ಬಂದ ಅಸೋಸಿಯೇಟಿವ್ ಅರೇ (ಹೆಸರಿಗೊಂದು ಮೌಲ್ಯ ಇಡುವ ಪಟ್ಟಿ) ಬಳಸಿ ಒಂದು ಬ್ಯಾಶ್ ಸ್ಕ್ರಿಪ್ಟ್ ಬರೆಯುತ್ತೀರಿ. ಡಿಕ್ಲೇರ್ ಕಮಾಂಡ್‌ಗೆ ದೊಡ್ಡ ‘ಎ’ ಆಯ್ಕೆ ಕೊಟ್ಟಿರುತ್ತೀರಿ. ಸಹೋದ್ಯೋಗಿಯ ಮ್ಯಾಕ್‌ನಲ್ಲಿ ಅದೇ ಸಾಲು ‘ಇಂತಹ ಆಯ್ಕೆ ಇಲ್ಲ’ ಎಂದು ನಿಲ್ಲುತ್ತದೆ. ಇಬ್ಬರ ಯಂತ್ರದಲ್ಲೂ ಬ್ಯಾಶ್ ಇದೆ, ಇಬ್ಬರೂ ಸರಿಯಾಗಿಯೇ ಓಡಿಸಿದ್ದಾರೆ. ಪಠ್ಯ ತಿದ್ದುವ ಸೆಡ್ ಇನ್ನೊಂದು ಉದಾಹರಣೆ. ಫೈಲನ್ನು ಇದ್ದಲ್ಲೇ ತಿದ್ದುವ ಸಣ್ಣ ‘ಐ’ ಆಯ್ಕೆಗೆ ಮ್ಯಾಕ್‌ನ ಬಿಎಸ್‌ಡಿ ಸೆಡ್ ಕಡ್ಡಾಯವಾಗಿ ಇನ್ನೊಂದು ಪದ ಕೇಳುತ್ತದೆ, ಲಿನಕ್ಸ್‌ನ ಗ್ನೂ ಸೆಡ್ ಕೇಳುವುದಿಲ್ಲ. ರೂಬಿಯೂ ಅಷ್ಟೇ, ಮ್ಯಾಕ್‌ಒಎಸ್‌ನ ಹಲವು ಆವೃತ್ತಿಗಳು ದಾಟಿದರೂ 2.6ರಲ್ಲೇ ನಿಂತಿತು, ರೂಬಿ ತಂಡ ಅದರ ನಿರ್ವಹಣೆ ನಿಲ್ಲಿಸಿದ್ದು 2022ರಲ್ಲಿ. ಕೋಡಿನ ಬದಲಾವಣೆಗಳನ್ನು ದಾಖಲಿಸುವ ಗಿಟ್, ಪೈಥಾನ್3 ಕೂಡ ಮ್ಯಾಕ್‌ನಲ್ಲಿ ಯುಎಸ್‌ಆರ್ ಬಿನ್‌ನಲ್ಲಿ ನಿಜವಾಗಿ ಕುಳಿತಿಲ್ಲ. ಅಲ್ಲಿರುವುದು ದಾರಿ ತೋರಿಸುವ ಪುಟ್ಟ ಪ್ರೋಗ್ರಾಂ. ಅಸಲಿ ಸಾಧನ ಎಕ್ಸ್‌ಕೋಡ್ ಕಮಾಂಡ್ ಲೈನ್ ಟೂಲ್ಸ್‌ನಲ್ಲಿದೆ. ಸಿಸ್ಟಮ್ ಅಪ್‌ಗ್ರೇಡ್ ಆದ ಮರುದಿನ ಗಿಟ್ ಓಡಿಸಿದರೆ ಡೆವಲಪರ್ ಪಾತ್ ಸರಿಯಿಲ್ಲ ಎಂಬ ದೋಷ ಬಂದರೆ ಗಾಬರಿ ಬೇಡ, ಆ ಟೂಲ್ಸನ್ನು ಮತ್ತೆ ಹಾಕಿಕೊಂಡರೆ ಸಾಕು.

ಇಷ್ಟು ಓದಿದ ಮೇಲೆ ಎರಡನೆಯ ಗೆಳೆಯನೇ ಸರಿ ಎನಿಸಬಹುದು. ಅವರು ಹೇಳದೆ ಬಿಟ್ಟದ್ದು ಒಂದಿದೆ. ನೀವೇ ಹಾಕಿಕೊಂಡ ಪ್ರತಿ ಸಾಧನದ ಭದ್ರತೆಗೆ ನೀವೇ ಹೊಣೆ. 2014ರ ಏಪ್ರಿಲ್‌ನಲ್ಲಿ, ಜಾಲದ ಸಂಪರ್ಕವನ್ನು ಗುಪ್ತವಾಗಿಡುವ ಲೈಬ್ರರಿಯಾದ ಓಪನ್‌ಎಸ್‌ಎಸ್‌ಎಲ್‌ನ ಹಾರ್ಟ್‌ಬ್ಲೀಡ್ ದೋಷ ಬಯಲಾದಾಗ ಇದು ಚೆನ್ನಾಗಿ ಕಾಣಿಸಿತು. ದೋಷ 1.0.1ರಿಂದ 1.0.1ಎಫ್ ತನಕದ ಆವೃತ್ತಿಗಳಲ್ಲಿತ್ತು, ಮೂಲ ತಂಡ 1.0.1ಜಿ ಬಿಡುಗಡೆ ಮಾಡಿತು. ಡೆಬಿಯನ್ 7ರಲ್ಲಿದ್ದದ್ದು 1.0.1ಇ. ಡೆಬಿಯನ್ ಹೊಸ ಆವೃತ್ತಿಗೆ ಹಾರಲಿಲ್ಲ; ದೋಷ ತಿದ್ದುವ ತುಣುಕನ್ನಷ್ಟೇ ತನ್ನ 1.0.1ಇಗೆ ಹೊಲಿದು, ಹಿಂದೆ ಒಂದು ಉಪಸಂಖ್ಯೆ ಸೇರಿಸಿ ಕಳುಹಿಸಿತು. ಆಪ್ಟ್ ಅಪ್‌ಗ್ರೇಡ್ ಮಾಡಿ, ಸರ್ವರ್ ಪ್ರೋಗ್ರಾಂಗಳನ್ನು ಮರುಚಾಲನೆ ಮಾಡಿದವರ ದೋಷ ಮುಚ್ಚಿತು. ಅದೇ ಓಪನ್‌ಎಸ್‌ಎಸ್‌ಎಲ್ಲನ್ನು ಮೂಲದಿಂದ ಕಂಪೈಲ್ ಮಾಡಿ ಓಪಿಟಿ ಎಂಬ ಫೋಲ್ಡರಿನಲ್ಲೋ ಯುಎಸ್‌ಆರ್ ಲೋಕಲ್‌ನಲ್ಲೋ ಇಟ್ಟುಕೊಂಡವರಿಗೆ ಆ ಅಪ್‌ಗ್ರೇಡ್‌ನಿಂದ ಏನೂ ಸಿಗಲಿಲ್ಲ. ಅಲ್ಲೊಂದು ಪ್ರತಿ ಇದೆ ಎಂಬುದೇ ಪ್ಯಾಕೇಜ್ ನಿರ್ವಾಹಕಕ್ಕೆ ತಿಳಿಯದು. ಆವೃತ್ತಿಯ ಸಂಖ್ಯೆ ನೋಡಿ ‘ಹಳತು, ಆದ್ದರಿಂದ ಅಪಾಯ’ ಎನ್ನುವುದು ಡೆಬಿಯನ್, ಉಬುಂಟು, ರೆಡ್ ಹ್ಯಾಟ್‌ಗಳ ವಿಷಯದಲ್ಲಿ ತಪ್ಪು ಲೆಕ್ಕ.

ಹೊಸತು ಯಾವಾಗಲೂ ಭದ್ರ ಎನ್ನುವುದೂ ನಿಜವಲ್ಲ. 2024ರ ಮಾರ್ಚ್‌ನಲ್ಲಿ ಎಕ್ಸ್‌ಝಡ್ ಸಂಕೋಚನ ಸಾಧನದ 5.6.0 ಮತ್ತು 5.6.1ರಲ್ಲಿ ಬೇಕೆಂದೇ ಇಟ್ಟ ಹಿಂಬಾಗಿಲು ಪತ್ತೆಯಾಯಿತು. ಕಂಡುಹಿಡಿದ ಆಂಡ್ರೆಸ್ ಫ್ರೋಯ್ಂಡ್, ದೂರದ ಯಂತ್ರಕ್ಕೆ ಪ್ರವೇಶ ಕೊಡುವ ಎಸ್‌ಎಸ್‌ಎಚ್‌ನ ಲಾಗಿನ್ ಅರ್ಧ ಸೆಕೆಂಡಿನಷ್ಟು ನಿಧಾನವಾದದ್ದನ್ನು ಅಲಕ್ಷಿಸದೆ ಬೆನ್ನುಹತ್ತಿದವರು. ಆ ಆವೃತ್ತಿಗಳು ತಲುಪಿದ್ದು ಡೆಬಿಯನ್‌ನ ಅಸ್ಥಿರ ಶಾಖೆಯಂತಹ ಮುಂಚೂಣಿಯ ಭಂಡಾರಗಳನ್ನು. ಡೆಬಿಯನ್ ಸ್ಥಿರ ಆವೃತ್ತಿ ಅದರಿಂದ ಪಾರಾಗಿತ್ತು. ಹೋಂಬ್ರೂ ಕೂಡ 5.6 ಸರಣಿಗೆ ಹೋಗಿತ್ತು, ಸುದ್ದಿ ತಿಳಿದ ಕೂಡಲೇ ಎಲ್ಲರನ್ನೂ 5.4.6ಕ್ಕೆ ಹಿಂದೆ ಕರೆತಂದಿತು.

ಆದ್ದರಿಂದ ನನ್ನ ವಿಂಗಡಣೆ ಹೀಗೆ. ನೆಟ್‌ವರ್ಕಿಗೆ ಮುಖ ಮಾಡಿರುವವು, ಅಂದರೆ ಎಸ್‌ಎಸ್‌ಎಚ್, ಓಪನ್‌ಎಸ್‌ಎಸ್‌ಎಲ್‌ನಂತಹ ಟಿಎಲ್‌ಎಸ್ ಲೈಬ್ರರಿ, ಪ್ರಮಾಣಪತ್ರಗಳ ಕಟ್ಟು, ಸಿಸ್ಟಮ್‌ನವೇ ಇರಲಿ. ನಿಮಗಿಂತ ಎಚ್ಚರದಿಂದ ಅವುಗಳನ್ನು ಕಾಯುವ ತಂಡವಿದೆ. ಗಿಟ್, ಕರ್ಲ್, ಸಂಪಾದಕ, ಹುಡುಕುವ ಸಾಧನಗಳು ಎಲ್ಲಿಂದ ಬಂದರೂ ಸರಿ, ಒಂದೇ ಪ್ಯಾಕೇಜ್ ನಿರ್ವಾಹಕದಿಂದ ಬರಲಿ. ಪ್ರಾಜೆಕ್ಟ್ ಯಾವುದರ ಆವೃತ್ತಿಯ ಮೇಲೆ ನಿಂತಿದೆಯೋ ಅದು, ಅಂದರೆ ಭಾಷೆಯನ್ನು ಓಡಿಸುವ ರನ್‌ಟೈಮ್, ಕಂಪೈಲರ್, ಅದರ ಲೈಬ್ರರಿಗಳು, ನಿಮ್ಮದಾಗಿರಬೇಕು. ಆ ಆವೃತ್ತಿ ಪ್ರಾಜೆಕ್ಟಿನೊಳಗಿನ ಫೈಲಿನಲ್ಲೇ ಬರೆದಿರಬೇಕು. ಈ ಕೊನೆಯದು ಮುಖ್ಯ. ನಿಮ್ಮ ಯಂತ್ರದಲ್ಲಿ ನೀವು ಏನು ಹಾಕಿಕೊಂಡಿದ್ದೀರಿ ಎಂಬುದು ಸಹೋದ್ಯೋಗಿಗೆ ಗೊತ್ತಾಗುವುದಿಲ್ಲ, ಗಿಟ್‌ನಲ್ಲಿರುವ ಫೈಲ್ ಗೊತ್ತಾಗುತ್ತದೆ. ಜಾವಾಸ್ಕ್ರಿಪ್ಟ್ ಓಡಿಸುವ ನೋಡ್‌ಗೆ ಎನ್‌ವಿಎಂ ಫೈಲ್, ರಸ್ಟ್‌ಗೆ ಟೂಲ್‌ಚೈನ್ ಫೈಲ್ ಇದೆ. ಗೋ ಭಾಷೆ 2023ರಲ್ಲಿ 1.21ರಿಂದ ಇದನ್ನು ಭಾಷೆಯ ಸಾಧನದೊಳಗೇ ತಂದಿತು: ಮಾಡ್ಯೂಲ್ ಫೈಲಿನಲ್ಲಿ ಬೇಕಾದ ಆವೃತ್ತಿ ಬರೆದರೆ ಅದೇ ಇಳಿಸಿಕೊಂಡು ಬಳಸುತ್ತದೆ. ಎಲ್ಲ ಭಾಷೆಗಳೂ ಹೀಗೇ ಮಾಡಲಿ ಎಂಬುದು ನನ್ನ ಆಸೆ.

ಸಿಸ್ಟಮ್ ಭಂಡಾರದಿಂದಲೇ ರನ್‌ಟೈಮ್ ತೆಗೆದುಕೊಂಡರೆ ಏನಾಗುತ್ತದೆ ಎನ್ನುವುದಕ್ಕೆ ನೋಡ್ ಸಾಕು. ಉಬುಂಟು 22.04 ಹೊರಬಂದದ್ದು 2022ರ ಏಪ್ರಿಲ್‌ನಲ್ಲಿ. ಅದರ ಭಂಡಾರದಲ್ಲಿದ್ದದ್ದು ನೋಡ್ 12. ನೋಡ್ ತಂಡ ನೋಡ್ 12ರ ಬೆಂಬಲ ಮುಗಿಸಿದ್ದು ಅದೇ ತಿಂಗಳು. ಇದು ಉಬುಂಟುವಿನ ಅಲಕ್ಷ್ಯವಲ್ಲ. ವರ್ಷಗಟ್ಟಲೆ ಅಲುಗಾಡಬಾರದ ಸಿಸ್ಟಮ್‌ಗೂ ಪ್ರತಿ ವರ್ಷ ಹೊಸ ಆವೃತ್ತಿ ತರುವ ಭಾಷೆಗೂ ಪಂಚಾಂಗವೇ ಬೇರೆ.

ಈಗ ನಿಮ್ಮ ಮ್ಯಾಕ್. ಹೋಂಬ್ರೂ ಹಾಕಿಕೊಂಡರೆ ಸಾಧನಗಳು ತಮ್ಮವಾದವು ಎಂದು ಅನೇಕರು ತಿಳಿಯುತ್ತಾರೆ. ಆಗುವುದಿಲ್ಲ. ಹೋಂಬ್ರೂ ತನ್ನದೇ ಆದ ಇನ್ನೊಂದು ಸಿಸ್ಟಮ್. ಅಲ್ಲಿನ ಪೈಥಾನ್ ಇರುವುದು ಮೊದಲಿಗೆ ಹೋಂಬ್ರೂವಿನ ಇತರ ಸಾಧನಗಳ ಅಗತ್ಯಕ್ಕೆ. ಯಾವುದೋ ಸಾಧನಕ್ಕೆ ಬೇಕೆಂದು ಬಂದ ಪೈಥಾನ್ ಮೇಲೆ ನೀವು ವರ್ಚುವಲ್ ಎನ್ವಿರಾನ್‌ಮೆಂಟ್ ಕಟ್ಟಿರುತ್ತೀರಿ. ಅದರೊಳಗೆ ಪೈಥಾನ್‌ನ ಪೂರ್ತಿ ಪ್ರತಿ ಇರುವುದಿಲ್ಲ, ಮೂಲ ಪೈಥಾನ್ ಕಡೆಗೆ ಒಂದು ಕೊಂಡಿ ಇರುತ್ತದೆ. ಆ ಸಾಧನ ಮುಂದೆ 3.12 ಬಿಟ್ಟು 3.13ಕ್ಕೆ ಹೋದಾಗ ಹಳೆಯ ಪೈಥಾನ್ ಯಾರಿಗೂ ಬೇಡವೆಂದು ತೆಗೆದುಹಾಕಲ್ಪಡಬಹುದು. ಕೊಂಡಿ ಶೂನ್ಯಕ್ಕೆ ಮುಖಮಾಡುತ್ತದೆ. ಕೆಟ್ಟ ಎನ್ವಿರಾನ್‌ಮೆಂಟ್‌ಗಳನ್ನು ರಿಪೇರಿ ಮಾಡಲು ಹೋಗಬೇಡಿ. ಅಳಿಸಿ, ಅವಲಂಬನೆಗಳ ಪಟ್ಟಿಯಿಂದ ಮತ್ತೆ ಕಟ್ಟಿ. ಆ ಪಟ್ಟಿ ಇಲ್ಲ ಎಂದಾದರೆ ನಿಮಗಿರುವ ನಿಜವಾದ ತೊಂದರೆ ಹೋಂಬ್ರೂ ಅಲ್ಲ, ಅದು. ವರ್ಚುವಲ್ ಎನ್ವಿರಾನ್‌ಮೆಂಟ್ ಯಾವ ಕ್ಷಣದಲ್ಲಾದರೂ ಎಸೆಯಬಹುದಾದ ವಸ್ತುವಾಗಿರಬೇಕು.

ಎರಡೂ ಯಂತ್ರಗಳಲ್ಲಿ ನಾನು ಸೂಚಿಸುವುದು ಒಂದು ಆವೃತ್ತಿ ನಿರ್ವಾಹಕ, ಅಂದರೆ ಭಾಷೆಯ ಬೇಕಾದ ಆವೃತ್ತಿಯನ್ನು ತಂದುಕೊಡುವ ಸಾಧನ. ಪೈಥಾನ್ ಒಂದೇ ಸಾಕಾದರೆ ಯುವಿ ಬಳಸಿ. ಮೊದಲೇ ಕಂಪೈಲ್ ಮಾಡಿದ ಪೈಥಾನ್ ಇಳಿಸಿಕೊಡುತ್ತದೆ, ಎನ್ವಿರಾನ್‌ಮೆಂಟನ್ನೂ ಅದೇ ಕಟ್ಟುತ್ತದೆ. ಹಲವು ಭಾಷೆಗಳಿದ್ದರೆ ಮೀಸ್ ಅಥವಾ ಎಎಸ್‌ಡಿಎಫ್. ಪೈಎನ್ವ್ ಕೂಡ ಒಳ್ಳೆಯದೇ, ಆದರೆ ಅದು ಸಾಮಾನ್ಯವಾಗಿ ಪೈಥಾನನ್ನು ನಿಮ್ಮ ಯಂತ್ರದಲ್ಲೇ ಕಂಪೈಲ್ ಮಾಡುತ್ತದೆ. ಓಪನ್‌ಎಸ್‌ಎಸ್‌ಎಲ್‌ನ ಡೆವಲಪ್‌ಮೆಂಟ್ ಪ್ಯಾಕೇಜ್ ಇಲ್ಲದೆ ಕಂಪೈಲ್ ಆದ ಪೈಥಾನ್‌ನಲ್ಲಿ ಎಸ್‌ಎಸ್‌ಎಲ್ ಮಾಡ್ಯೂಲ್ ಇರುವುದಿಲ್ಲ, ಆಗ ಪಿಪ್ ಜಾಲದಿಂದ ಏನನ್ನೂ ತರಲಾರದು. ಪೈಥಾನ್‌ನಲ್ಲಿ ಬರೆದ ಕಮಾಂಡ್ ಸಾಧನವೊಂದನ್ನು ಬಳಸುವುದಷ್ಟೇ ನಿಮ್ಮ ಉದ್ದೇಶವಾಗಿದ್ದರೆ ಪಿಪ್‌ಎಕ್ಸ್ ಇದೆ. ಪ್ರತಿಯೊಂದಕ್ಕೂ ಬೇರೆ ಬೇರೆ ಎನ್ವಿರಾನ್‌ಮೆಂಟ್ ಮಾಡಿಕೊಡುತ್ತದೆ. ಯಾವುದನ್ನೇ ಆರಿಸಿದರೂ ಒಂದನ್ನೇ ಇಟ್ಟುಕೊಳ್ಳಿ. ಮೂರು ನಿರ್ವಾಹಕಗಳು ಪಾತ್‌ನಲ್ಲಿ, ಅಂದರೆ ಕಮಾಂಡ್‌ಗಳನ್ನು ಹುಡುಕುವ ಫೋಲ್ಡರುಗಳ ಪಟ್ಟಿಯಲ್ಲಿ, ಮೊದಲ ಜಾಗಕ್ಕೆ ಪೈಪೋಟಿ ನಡೆಸುವ ಯಂತ್ರಗಳನ್ನು ನಾನು ಬೇಕಾದಷ್ಟು ನೋಡಿದ್ದೇನೆ.

ಪಾತ್ ಎಂದ ಮೇಲೆ, ‘ಟೈಪ್’ ಕಮಾಂಡ್‌ಗೆ ಸಣ್ಣ ‘ಎ’ ಆಯ್ಕೆ ಕೊಟ್ಟು ಪೈಥಾನ್3 ಎಂದು ಕೇಳಿ ನೋಡಿ. ನಿಮ್ಮ ಯಂತ್ರದಲ್ಲಿ ಆ ಹೆಸರಿಗೆ ಓಗೊಡುವವೆಲ್ಲ ಸಾಲಾಗಿ ಬರುತ್ತವೆ, ಓಡುವುದು ಮೊದಲನೆಯದು. ಈ ಸಾಲು ಟರ್ಮಿನಲ್‌ನಲ್ಲಿ ಮಾತ್ರ ನಿಜ ಎಂಬುದನ್ನು ಜನ ಮರೆಯುತ್ತಾರೆ. ಆವೃತ್ತಿ ನಿರ್ವಾಹಕಗಳು ಪಾತ್ ಬದಲಿಸುವುದು ಶೆಲ್ಲಿನ ಆರಂಭದ ಫೈಲಿನಲ್ಲಿ. ನಿಗದಿತ ಹೊತ್ತಿಗೆ ಕೆಲಸಗಳನ್ನು ಓಡಿಸುವ ಕ್ರಾನ್ ಆ ಫೈಲನ್ನು ಓದುವುದಿಲ್ಲ. ಬಳಕೆದಾರರ ಕ್ರಾನ್‌ಗೆ ಸಾಮಾನ್ಯವಾಗಿ ಯುಎಸ್‌ಆರ್ ಬಿನ್ ಮತ್ತು ಬಿನ್ ಬಿಟ್ಟು ಬೇರೇನೂ ಕಾಣದು. ಹಗಲು ನೀವು ಟರ್ಮಿನಲ್‌ನಲ್ಲಿ ಓಡಿಸಿದಾಗ ಸರಿಯಾಗಿದ್ದ ಸ್ಕ್ರಿಪ್ಟ್ ರಾತ್ರಿ ಕ್ರಾನ್‌ನಲ್ಲಿ ಸಿಸ್ಟಮ್‌ನ ಪೈಥಾನ್ ಹಿಡಿದು, ಲೈಬ್ರರಿ ಸಿಗಲಿಲ್ಲ ಎಂದು ಬೀಳುತ್ತದೆ. ಇದಕ್ಕೆ ಪಿಪ್‌ನಿಂದ ಸಿಸ್ಟಮ್‌ಗೆ ಲೈಬ್ರರಿ ತುರುಕುವುದು ಪರಿಹಾರವಲ್ಲ. ಕ್ರಾನ್ ಸಾಲಿನಲ್ಲಿ ಎನ್ವಿರಾನ್‌ಮೆಂಟ್‌ನ ಬಿನ್ ಒಳಗಿರುವ ಪೈಥಾನ್‌ನ ಪೂರ್ಣ ವಿಳಾಸ ಬರೆಯಿರಿ. ಅಷ್ಟು ಸಾಕು, ಎನ್ವಿರಾನ್‌ಮೆಂಟನ್ನು ಸಕ್ರಿಯಗೊಳಿಸುವ ಅಗತ್ಯವೂ ಇಲ್ಲ.

ವಿಂಡೋಸ್ ಬಗ್ಗೆ ನೀವು ಕೇಳಿಲ್ಲ, ಒಂದೇ ಮಾತು: ಅಲ್ಲಿ ಪೈಥಾನ್ ಎಂದು ಟೈಪ್ ಮಾಡಿದರೆ ಮೈಕ್ರೋಸಾಫ್ಟ್ ಸ್ಟೋರ್ ತೆರೆಯುವುದು 2019ರಲ್ಲಿ ಸೇರಿಸಿದ ದಾರಿತೋರುಕ, ಪೈಥಾನ್ ಅಲ್ಲ.

ಈಗಾಗಲೇ ಸುಡೋ ಹಾಕಿ ಪಿಪ್ ಓಡಿಸಿಬಿಟ್ಟಿದ್ದರೆ ಉಬುಂಟುವನ್ನು ಮತ್ತೆ ಹಾಕಬೇಕಿಲ್ಲ. ಯುಎಸ್‌ಆರ್ ಲೋಕಲ್ ಲಿಬ್ ಒಳಗಿನ ಪೈಥಾನ್ 3.12ರ ಡಿಸ್ಟ್ ಪ್ಯಾಕೇಜಸ್ ಫೋಲ್ಡರ್ ತೆರೆದು ನೋಡಿ. ಆಪ್ಟ್ ಅಲ್ಲಿ ಲೈಬ್ರರಿ ಇಡುವುದಿಲ್ಲ. ಅಲ್ಲಿರುವವು ಪಿಪ್‌ನಿಂದ ಬಂದವು. ಅವನ್ನು ಪಿಪ್‌ನಿಂದಲೇ ತೆಗೆಯಿರಿ, ತೆಗೆಯುವುದಕ್ಕಷ್ಟೇ ಆ ಆಯ್ಕೆಯನ್ನು ಮತ್ತೆ ಕೊಡಬೇಕಾಗುತ್ತದೆ. ತೆಗೆದ ಮೇಲೆ ಸಿಸ್ಟಮ್ ಸ್ಕ್ರಿಪ್ಟ್‌ಗಳಿಗೆ ತಮ್ಮ ಹಳೆಯ ಲೈಬ್ರರಿಗಳೇ ಮತ್ತೆ ಕಾಣುತ್ತವೆ. ಹೋಮ್ ಫೋಲ್ಡರಿನೊಳಗಿನ ಅಡಗಿದ ಲೋಕಲ್ ಫೋಲ್ಡರನ್ನೂ ಹೀಗೇ ನೋಡಿ. ಮ್ಯಾಕ್‌ನಲ್ಲಿ ಈ ಭಯ ಕಡಿಮೆ, 2015ರ ಎಲ್ ಕ್ಯಾಪಿಟನ್‌ನಿಂದ ಯುಎಸ್‌ಆರ್ ಬಿನ್ ಒಳಗೆ ಸುಡೋ ಇದ್ದರೂ ಬರೆಯಲಾಗದು. ಉಬುಂಟುವಿನಲ್ಲಿ ಪೈಥಾನ್3 ಎಂಬ ಕೊಂಡಿಯನ್ನೇ ಬೇರೆ ಆವೃತ್ತಿಗೆ ತಿರುಗಿಸಿದ್ದರೆ ಮಾತ್ರ ಅವಸರ ಮಾಡಿ: ಯುಎಸ್‌ಆರ್ ಬಿನ್‌ನ ಆ ಕೊಂಡಿಯನ್ನು ಮೊದಲು ಕೈಯಾರೆ ಪೈಥಾನ್ 3.12ಕ್ಕೆ ಮರಳಿಸಿ, ನಂತರ ಪೈಥಾನ್3 ಮಿನಿಮಲ್ ಪ್ಯಾಕೇಜನ್ನು ಆಪ್ಟ್‌ನಿಂದ ಮರುಸ್ಥಾಪಿಸಿ. ಆಪ್ಟ್ ಅಪ್‌ಡೇಟ್ ದೋಷವಿಲ್ಲದೆ ಮುಗಿಯುವುದನ್ನು ಕಣ್ಣಾರೆ ನೋಡುವ ತನಕ ಆ ಟರ್ಮಿನಲ್ ಮುಚ್ಚಬೇಡಿ, ಯಂತ್ರವನ್ನೂ ಮರುಚಾಲನೆ ಮಾಡಬೇಡಿ.